ತೋಟಿಯ ಕಾಲು, ನಮ್ಮ ಕೈಯ ಫೋನು

ದೂರವಾಣಿಯ ಚರಿತ್ರೆ ಬರೆಯುವವರು 1876ರ ಗ್ರಹಾಂ ಬೆಲ್‌ನಿಂದ ಶುರು ಮಾಡುತ್ತಾರೆ. ದೇಶಾಭಿಮಾನ ಇರುವವರು 1948ಕ್ಕೆ ಬಂದು, ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಎದ್ದದ್ದನ್ನು ಹೇಳುತ್ತಾರೆ. ಮೊನ್ನೆ ಮೊನ್ನೆ ಕಣ್ಣು ಬಿಟ್ಟವರಿಗೆ ಎಲ್ಲವೂ 2016ರ ಜಿಯೋದಿಂದಲೇ ಶುರು. ನಾವು ಬೇರೆ ಕಡೆಯಿಂದ ಶುರು ಮಾಡಬೇಕಾಗಿದೆ. ತಂತಿ ಬರುವ ಮುಂಚೆ ಈ ನಾಡಿನಲ್ಲಿ ಸುದ್ದಿ ಹೋಗುತ್ತಿರಲಿಲ್ಲವೇ? ಹೋಗುತ್ತಿತ್ತು. ನಮ್ಮ ತಾತಂದಿರ ಕಾಲ ಮೇಲೆ ಹೋಗುತ್ತಿತ್ತು.

ಯಲಹಂಕ, ಹೆಬ್ಬಾಳ, ಯಶವಂತಪುರ ಇವತ್ತು ಬೆಂಗಳೂರಿನ ಹೊಟ್ಟೆಯೊಳಗೆ ಕರಗಿಹೋಗಿರುವ ಹೆಸರುಗಳು. ಹಿಂದೆ ಇವು ಊರುಗಳು. ಊರು ಅಂದ ಮೇಲೆ ಕೇರಿ ಇತ್ತು, ಕೇರಿ ಅಂದ ಮೇಲೆ ತೋಟಿ ಇದ್ದ, ಕುಳವಾಡಿ ಇದ್ದ. ಹಳೇ ಮೈಸೂರು ಸೀಮೆಯಲ್ಲಿ ತೋಟಿಯ ಕೆಲಸ ಏನಾಗಿತ್ತು ಅಂತ ಇವತ್ತಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ಶಾನುಭೋಗ ಬರೆದ ಕಾಗದವನ್ನು ಕಸಬೆಗೆ ಮುಟ್ಟಿಸುವುದು, ಕಂದಾಯದ ಹಣದ ಜತೆ ನಡೆಯುವುದು, ಅಮಲ್ದಾರ ಬರುತ್ತಾನೆ ಅಂದರೆ ಮುಂದೆ ಓಡಿಬಂದು ಗೌಡನಿಗೆ ತಿಳಿಸುವುದು, ಊರಿಗೆ ಸಾರಬೇಕಾದದ್ದನ್ನು ತಮಟೆ ಬಡಿದು ಸಾರುವುದು. ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಸುದ್ದಿ. ಊರೊಳಗೆ ಯಾರಾದರೂ ಅರ್ಧರಾತ್ರಿಯಲ್ಲಿ ಸತ್ತರೆ ಕೇರಿಗೆ ಕೂಗು ಬರುತ್ತಿತ್ತು. ಮಳೆಯಿರಲಿ, ಜ್ವರವಿರಲಿ, ಎದ್ದು ಹೊರಡಬೇಕು. ಸತ್ತವರ ನೆಂಟರ ಊರಿಗೆ ಎಂಟು ಹತ್ತು ಮೈಲಿ ನಡೆದು, ಅವರ ಜಗಲಿಯಿಂದ ದೂರ ನಿಂತು, "ಇಂಥವರು ಹೋಗ್ಬಿಟ್ರು ಸ್ವಾಮೀ" ಅಂತ ಕೂಗಿ ಹೇಳಬೇಕು. ಒಳಗಿನವರಿಗೆ ಅವನ ದನಿ ಬೇಕಾಗಿತ್ತು, ಮೈ ಬೇಕಾಗಿರಲಿಲ್ಲ. ದನಿಯನ್ನು ಮೈಯಿಂದ ಬಿಡಿಸಿ ದೂರಕ್ಕೆ ಕಳಿಸುವುದೇ ಟೆಲಿಫೋನು ಅನ್ನುವುದಾದರೆ, ಜಾತಿವ್ಯವಸ್ಥೆ ಆ ಯಂತ್ರವನ್ನು ಬೆಲ್ ಸಾಹೇಬನಿಗಿಂತ ಬಹಳ ಮುಂಚೆಯೇ ಮಾಡಿಟ್ಟುಕೊಂಡಿತ್ತು.

ಇದಕ್ಕೆ ಕೂಲಿ ಏನು? ಸುಗ್ಗಿಯಲ್ಲಿ ಕಣದ ರಾಗಿ, ಒಂದು ತುಂಡು ತೋಟಿ ಇನಾಮ್ತಿ ಭೂಮಿ. ಮೈಸೂರು ಸರ್ಕಾರ 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಮಾಡಿತು, 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಪಟೇಲ, ಶಾನುಭೋಗರ ಜತೆ ತೋಟಿ, ತಳವಾರ, ನೀರಗಂಟಿಯ ವಂಶಪಾರಂಪರ್ಯದ ಹುದ್ದೆಯೂ ಕಾಗದದ ಮೇಲೆ ಹೋಯಿತು. ಭೂಮಿಯನ್ನು ಮರುಮಂಜೂರು ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು, ಅರ್ಜಿಗೆ ಅಕ್ಷರ ಬೇಕು, ಅಕ್ಷರ ಇರಲಿಲ್ಲ. ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿ ಅಂಥ ಜಮೀನುಗಳು ಕೈಯಿಂದ ಕೈಗೆ ಹೋಗಿ, ಕೋರ್ಟು ಹತ್ತಿ, ಲೇಔಟುಗಳಾದ ಕಥೆ ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ. ಇಲ್ಲಿ ಹೇಳಬೇಕಾದದ್ದು ಇಷ್ಟು: ಸುದ್ದಿ ಸಾಗಿಸುವುದರಲ್ಲಿ ಒಂದು ಪ್ರಶ್ನೆ ಯಾವಾಗಲೂ ಇದೆ. ಕೂಗುವವರು ಯಾರು, ಓ ಅನ್ನಬೇಕಾದವರು ಯಾರು? ನಮ್ಮ ಕೈಯಲ್ಲಿರುವ ಆರೇಳು ಸಾವಿರದ ಆಂಡ್ರಾಯ್ಡ್ ಫೋನನ್ನು ನಾವು ನೋಡಬೇಕಾದ್ದು ಆ ಪ್ರಶ್ನೆಯ ಮುಂದೆ ಇಟ್ಟು.

ಐಟಿಐ ಮಾಡಿದ ಕಪ್ಪು ಡಯಲ್ ಫೋನು ಯಾರ ಮನೆಯ ಮೇಜಿನ ಮೇಲೆ ಕೂತಿತು ಅಂತ ಹೇಳಬೇಕಾಗಿಲ್ಲ. 1980ರ ದಶಕ ಶುರುವಾದಾಗ ದೇಶದಲ್ಲಿ ನೂರು ಜನಕ್ಕೆ ಒಂದು ಫೋನೂ ಇರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದವರು ಕೂಡ ಹಣವಂತರೇ. ನಮ್ಮ ಹಿರಿಯರು 'ಪಿಪಿ ನಂಬರು' ಅಂತ ಒಂದರ ಕಥೆ ಹೇಳುತ್ತಾರೆ. ಕೆಲಸದ ಅರ್ಜಿಯಲ್ಲಿ ಫೋನ್ ನಂಬರ್ ಕೇಳಿದರೆ, ಪಕ್ಕದ ಮನೆಯದೋ ಮೂಲೆ ಅಂಗಡಿಯದೋ ನಂಬರು ಬರೆದು ಮುಂದೆ ಪಿಪಿ ಅಂತ ಹಾಕುವುದು. ಕರೆ ಬಂದರೆ ಆ ಮನೆಯವರು ಕೂಗಬೇಕು. ಕೂಗಿದರೆ ಓಡಬೇಕು. ಓಡಿ ಹೋದರೆ ಎಲ್ಲಿ ನಿಲ್ಲಬೇಕು? ಫೋನು ಹಾಲ್‌ನಲ್ಲಿದೆ, ನಾವು ಹೊಸಿಲ ಆಚೆ. ವೈರು ಉದ್ದ ಇದ್ದರೆ ರಿಸೀವರ್ ಕಿಟಕಿಯಿಂದ ಬರುತ್ತಿತ್ತು. ಇಲ್ಲವಾದರೆ ಮನೆಯವರೇ ನಡುವೆ ನಿಂತು "ಏನೋ ಇಂಟರ್‌ವ್ಯೂ ಅಂತೆ ಕಣಯ್ಯಾ" ಅಂತ ದಾಟಿಸುತ್ತಿದ್ದರು. ಎಷ್ಟು ಮಾತು ದಾರಿಯಲ್ಲಿ ಬಿದ್ದುಹೋಯಿತೋ ಯಾರಿಗೆ ಗೊತ್ತು. ಎಲ್ಲರೂ ಹೀಗಿದ್ದರು ಅಂತ ನಾವು ಹೇಳುವುದಿಲ್ಲ. ಒಳಕ್ಕೆ ಕರೆದು ಕುರ್ಚಿ ಕೊಟ್ಟವರೂ ಇದ್ದರು, ಅವರನ್ನು ನಮ್ಮವರು ಹೆಸರು ಹಿಡಿದು ನೆನೆಯುತ್ತಾರೆ. ನೆನೆಯಬೇಕಾಗಿ ಬಂದದ್ದೇ ಅಂಥವರು ಎಷ್ಟು ಕಡಿಮೆ ಅನ್ನುವುದನ್ನು ಹೇಳುತ್ತದೆ.

ಹಳ್ಳಿಗೆ ಅಂತಲೇ ಸಿ-ಡಾಟ್‌ನವರು ಮಾಡಿದ 128 ಲೈನಿನ ಸಣ್ಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಇಲ್ಲದೆ, ಧೂಳಲ್ಲಿ, ಸೆಕೆಯಲ್ಲಿ ಕೆಲಸ ಮಾಡುವ ಹಾಗೆ ಅದನ್ನು ಕಟ್ಟಿದ್ದರು. ಆ ಬಳಿಕ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಯಶವಂತಪುರದಲ್ಲಿ ರೈಲಿಳಿದ ರಾಯಚೂರು, ಯಾದಗಿರಿ ಕಡೆಯ ಗಾರೆ ಕೆಲಸದವರು ರಾತ್ರಿ ರೇಟು ಇಳಿಯುವ ತನಕ ಕಾದು ಅಂಥ ಬೂತುಗಳ ಮುಂದೆ ಸಾಲು ನಿಲ್ಲುತ್ತಿದ್ದರು. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ಮೀಟರು ಓಡುತ್ತಿತ್ತು, ಜಾತಿ ಕೇಳುತ್ತಿರಲಿಲ್ಲ. ಕಾಸು ಕೊಟ್ಟವನು ರಿಸೀವರನ್ನು ತನ್ನ ಕಿವಿಗೇ ಒತ್ತಿಕೊಂಡ. ಇದನ್ನು ಸಣ್ಣ ಸಂಗತಿ ಅನ್ನುವವರು ಹೊಸಿಲ ಆಚೆ ನಿಂತು ಮಾತಾಡಿ ನೋಡಿರಲಿಕ್ಕಿಲ್ಲ.

1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ದಿಲ್ಲಿಯ ಸುಖರಾಂಗೆ ಮೊದಲ ಮೊಬೈಲ್ ಕರೆ ಮಾಡಿದರು. ಕೆಂಬಾವುಟದ ಮುಖ್ಯಮಂತ್ರಿ, ನಿಮಿಷಕ್ಕೆ 16 ರೂಪಾಯಿವರೆಗೂ ಬೀಳುತ್ತಿದ್ದ ಯಂತ್ರ. ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. 2003ರಲ್ಲಿ ಬರುವ ಕರೆಗೆ ದುಡ್ಡಿಲ್ಲ ಎಂದಾಯಿತು. ಅದೇ ವರ್ಷ ನೋಕಿಯಾ 1100 ಬಂತು. ತಲೆಯ ಮೇಲೆ ಟಾರ್ಚು, ಧೂಳು ಹೋಗದ ಕೀಪ್ಯಾಡು. ಲೋಕದಲ್ಲಿ 25 ಕೋಟಿಗೂ ಮೇಲೆ ಮಾರಾಟವಾದ ಫೋನು ಅದು. ಕರೆಂಟಿಲ್ಲದ ಶೆಡ್ಡಿನಲ್ಲಿ, ಬಯಲಿಗೆ ಹೋಗುವ ಹೆಂಗಸರ ಕೈಯಲ್ಲಿ ಆ ಟಾರ್ಚು ಮಾಡಿದ ಕೆಲಸವನ್ನು ಯಾವ ಅರ್ಥಶಾಸ್ತ್ರಜ್ಞನೂ ಲೆಕ್ಕ ಹಾಕಿಲ್ಲ.

ಆ ಫೋನಿನಲ್ಲಿ ನಮ್ಮವರು ಒಂದು ಭಾಷೆ ಕಟ್ಟಿದರು. ಮಿಸ್ಡ್ ಕಾಲ್. ಕರೆನ್ಸಿ ಮುಗಿಯದ ಹಾಗೆ ಕರೆಯುವ ವಿದ್ಯೆ. ಒಂದು ರಿಂಗು ಕೊಟ್ಟು ಕತ್ತರಿಸಿದರೆ "ಊರು ಮುಟ್ಟಿದೆ". ಎರಡು ರಿಂಗು ಅಂದರೆ "ಗೇಟಿನ ಹತ್ತಿರ ಬಾ". ಮೇಲಿಂದ ಮೇಲೆ ಬಂದರೆ "ಏನೋ ಆಗಿದೆ, ನೀನೇ ಮಾಡು". ಹೆಬ್ಬಾಳದ ಕಡೆ ಮನೆಗೆಲಸಕ್ಕೆ ಹೋಗುವ ತಾಯಿ ಹೀಗೆ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದಳು, ಒಲೆ ಆರಿಸಿದೆಯಾ ಅಂತ ಕೇಳುತ್ತಿದ್ದಳು. ಹತ್ತು ರೂಪಾಯಿ ಚಿಕ್ಕ ಕರೆನ್ಸಿ ತಿಂಗಳುಗಟ್ಟಲೆ ಬಾಳುತ್ತಿತ್ತು. ಇನ್ನೂ ಒಂದು ಮಾತು ಗಮನಿಸಬೇಕು. ಮಿಸ್ಡ್ ಕಾಲ್ ಕೊಟ್ಟವನು ಬಡವ, ತಿರುಗಿ ಮಾಡಬೇಕಾದವನು ಇದ್ದವನು. ಮೇಸ್ತ್ರಿಗೆ ಮಿಸ್ಡ್ ಕಾಲ್ ಕೊಟ್ಟು ಮೇಸ್ತ್ರಿಯೇ ತಿರುಗಿ ಮಾಡಿದ ದಿನ, ಕೂಗಿಗೆ ಓ ಅನ್ನುವವರು ಸ್ವಲ್ಪ ಹೊತ್ತು ಅದಲುಬದಲಾದರು. ತೋಟಿಯ ವಂಶಕ್ಕೆ ಇದು ಹೊಸದು.

ಇಂಥದನ್ನು ಬಂಡವಾಳ ಸುಮ್ಮನೆ ಬಿಡುತ್ತದೆಯೇ? 2010ರಲ್ಲಿ ಬೆಂಗಳೂರಿನಲ್ಲೇ ಜಿಪ್‌ಡಯಲ್ ಅಂತ ಒಂದು ಕಂಪನಿ ಹುಟ್ಟಿತು. ಅದರ ಸರಕೇ ಮಿಸ್ಡ್ ಕಾಲ್. ಸೋಪಿನ ಕಂಪನಿಗೆ, ಸಿನಿಮಾದವರಿಗೆ, ಚಳವಳಿಗಾರರಿಗೆ ನಂಬರು ಕೊಡುವುದು, ಜನ ರಿಂಗು ಕೊಟ್ಟರೆ ಅವರ ನಂಬರು ಗಿರಾಕಿಯ ಖಾತೆಗೆ. 2015ರ ಜನವರಿಯಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. ರಾಜಕೀಯ ಪಕ್ಷಗಳೂ ಮಿಸ್ಡ್ ಕಾಲ್‌ನಲ್ಲೇ ಸದಸ್ಯರನ್ನು ಎಣಿಸಿಕೊಂಡವು. ಕಾಸಿಲ್ಲದವರು ಹೊಟ್ಟೆ ಕಟ್ಟಿ ಕಂಡುಹಿಡಿದ ವಿದ್ಯೆಗೆ ಯಾರೋ ಬೆಲೆ ಪಡೆದರು. ಚರ್ಮ ಹದ ಮಾಡುವ ವಿದ್ಯೆಯ ಹಳೇ ಕಥೆಯೂ ಇದೇ ಅಲ್ಲವೇ?

ಈಗ ಆಂಡ್ರಾಯ್ಡಿಗೆ ಬರೋಣ. 2014ರ ಸೆಪ್ಟೆಂಬರ್ 15ರಂದು ಗೂಗಲ್‌ನವರು ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳ ಜತೆ ಸೇರಿ 'ಆಂಡ್ರಾಯ್ಡ್ ಒನ್' ತಂದರು, 6,399 ರೂಪಾಯಿಯಿಂದ ಶುರು. 1 ಜಿಬಿ ರ್‍ಯಾಮು, ಒಳಗಿನ ಜಾಗ 4 ಜಿಬಿ. ಅದೇ ತಿಂಗಳು ಶಿಯೋಮಿಯ ರೆಡ್‌ಮಿ 1ಎಸ್ 5,999ಕ್ಕೆ ಬಂತು. ಅಗ್ಗ ಅಂದರು. ಯಾರಿಗೆ ಅಗ್ಗ? ಮನೆಗೆಲಸದ ಹೆಣ್ಣುಮಗಳಿಗೆ ಅದು ಒಂದು ತಿಂಗಳ ದುಡಿಮೆ. ಅದೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇಂತಿಂಥ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಕಾದು ಕೂತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಒತ್ತಬೇಕು. ಫೋನು ಕೊಳ್ಳಲು ಮೊದಲೇ ಇಂಟರ್ನೆಟ್ ಇರಬೇಕು! ಹಾಗಾಗಿ ಮೊದಲು ಟೆಕ್ ಪಾರ್ಕಿನವರು ಕೊಂಡರು, ಅವರು ಬಿಟ್ಟದ್ದು ಆರ್.ಟಿ. ನಗರದ, ಯಲಹಂಕದ ರಿಪೇರಿ ಅಂಗಡಿಗಳ ಗಾಜಿನ ಪೆಟ್ಟಿಗೆ ದಾಟಿ ನಮ್ಮ ಕೈಗೆ ಬಂತು. ಗಾಜು ಒಡೆದಿದ್ದರೆ ಐನೂರು ಕಡಿಮೆ. ಹಬ್ಬದ ಹಳೇ ಬಟ್ಟೆ ಕೇರಿಗೆ ಬರುತ್ತಿದ್ದ ದಾರಿಯೇ ಇದು.

ಅಗ್ಗದ ಫೋನನ್ನು ಬಳಸುವುದು ಒಂದು ಬೇರೆ ಬಾಳು. 4 ಜಿಬಿಯಲ್ಲಿ ಅರ್ಧ ಕಂಪನಿಯದೇ ತುಂಬಿರುತ್ತದೆ. ಅಳಿಸಲು ಬಾರದ ಆ್ಯಪುಗಳು ಊರ ಗೌಡರ ಹಾಗೆ ಕೂತಿರುತ್ತವೆ. "ಸ್ಟೋರೇಜ್ ಫುಲ್" ಅಂತ ಬಂದಾಗ ನಾವು ಕೂತು ಆರಿಸಬೇಕು: ತಂಗಿಯ ನಾಮಕರಣದ ಫೋಟೋ ಇರಲೋ, ಪರೀಕ್ಷೆಯ ನೋಟ್ಸ್ ಇರಲೋ, ತೀರಿಕೊಂಡ ಅಜ್ಜಿಯ ದನಿ ಇರಲೋ? ಬ್ಯಾಟರಿ ಮಧ್ಯಾಹ್ನಕ್ಕೇ ಸಾಯುತ್ತದೆ. ಫೋನು ಗಟ್ಟಿಯಾಗಿದ್ದರೂ ಒಂದು ದಿನ ಅದನ್ನು ಹೊರಗೆ ಹಾಕುತ್ತಾರೆ. ಆಂಡ್ರಾಯ್ಡಿನ 4.4ನೇ ಆವೃತ್ತಿಯಲ್ಲೇ ನಿಂತುಹೋದ ಫೋನುಗಳಲ್ಲಿ 2025ರ ಜನವರಿಯಿಂದ ವಾಟ್ಸಾಪ್ ನಡೆಯುವುದಿಲ್ಲ. ಬ್ಯಾಂಕಿನ ಆ್ಯಪುಗಳು ಅದಕ್ಕೂ ಮೊದಲೇ ಬಾಗಿಲು ಹಾಕಿದವು. ಯಂತ್ರ ಸರಿಯಿದೆ, ಗಾಜು ಸರಿಯಿದೆ, ಆದರೆ ಊರು ಅದನ್ನು ಸೇರಿಸುವುದಿಲ್ಲ. ನಮಗೆ ಈ ರೀತಿ ಹೊಸದೇನಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಮೊದಲ ಆಂಡ್ರಾಯ್ಡುಗಳಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಅಕ್ಷರ ಇರಬೇಕಾದಲ್ಲಿ ಖಾಲಿ ಚೌಕಗಳು. 2012ರಲ್ಲಿ 4.1ನೇ ಆವೃತ್ತಿಯ ಜತೆ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳು ಬಂದವು. ಅಷ್ಟರೊಳಗೆ ನಮ್ಮ ಹುಡುಗರು ಇಂಗ್ಲಿಷ್ ಅಕ್ಷರದಲ್ಲೇ "ಊಟ ಆಯ್ತಾ" ಬರೆಯುವುದನ್ನು ಕಲಿತಿದ್ದರು. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ತಂದಿತು. ಇದನ್ನು ನಾವು ಸುಮ್ಮನೆ ದಾಟಲಾರೆವು. ಸ್ಲೇಟು ಹಿಡಿಯದ, ಹೆಬ್ಬೆಟ್ಟು ಒತ್ತಿಯೇ ಬದುಕಿದ ನಮ್ಮ ಅವ್ವಂದಿರು ಫೋನಿನ ಮೂತಿಗೆ ಬಾಯಿಟ್ಟು ಮಾತಾಡಿದರೆ ಎದುರಿಗೆ ಅಕ್ಷರ ಮೂಡಿತು. ಶಾನುಭೋಗನಿಗೆ ತುಪ್ಪ ಕೊಟ್ಟು ಬರೆಸಬೇಕಾಗಿದ್ದನ್ನು ಬಾಯಿ ಬರೆಯಿತು. ಹಾಗಂತ ಆ ಯಂತ್ರವೂ ನಮ್ಮ ಕನ್ನಡ ಕಲಿತು ಬಂದದ್ದಲ್ಲ. "ಬಂದವ್ನೆ", "ಹೋಗದೆ ಇದ್ರೆ ಆಯ್ತದಾ" ಅಂದರೆ ತಡವರಿಸುತ್ತದೆ. ರೇಡಿಯೋದವರ ಕನ್ನಡ ಅಂದರೆ ಚಕಚಕ ಬರೆಯುತ್ತದೆ. ಅವ್ವಂದಿರು ಈಗ ಫೋನಿನ ಮುಂದೆ ಸ್ವಲ್ಪ ಮೇಷ್ಟ್ರ ಥರ ಮಾತಾಡುವುದನ್ನು ಕಲಿತಿದ್ದಾರೆ. ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಫೋನು ಮಾಡುವ ಕೈಗಳ ಮಾತು ಒಂದಿಷ್ಟು. 2017ರಲ್ಲಿ ಯಶವಂತಪುರದ ಪಕ್ಕದ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸಲು ಶುರು ಮಾಡಿತು, ಇಂಡಿಯಾದಲ್ಲಿ ಅದೇ ಮೊದಲು. ಆಮೇಲೆ ಕೋಲಾರದ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 2020ರ ಡಿಸೆಂಬರ್ 12ರ ಬೆಳಿಗ್ಗೆ ಅಲ್ಲಿ ಗಾಜು ಒಡೆದವು, ಬೆಂಕಿ ಬಿತ್ತು. ಬಾಕಿ ಸಂಬಳಕ್ಕೆ, ಕಡಿದ ಕೂಲಿಗೆ ಎದ್ದ ಸಿಟ್ಟು ಅದು. ಸಂಬಳ ಕೊಡುವುದರಲ್ಲಿ ತಪ್ಪಾಗಿದೆ ಎಂದು ಕಂಪನಿಯೇ ಒಂದು ವಾರದಲ್ಲಿ ಒಪ್ಪಿತು. ಆ್ಯಪಲ್‌ನವರು ಹೊಸ ಆರ್ಡರು ತಡೆಹಿಡಿದರು. 2023ರಲ್ಲಿ ಟಾಟಾದವರು ಆ ಕಾರ್ಖಾನೆ ಕೊಂಡರು. ಅಲ್ಲಿ ಬೆಲ್ಟಿನ ಮುಂದೆ ನಿಂತ ಹುಡುಗರ ಜೇಬಿನಲ್ಲಿ ಇದ್ದದ್ದು ಕಂತಿನ ಮೇಲೆ ತಂದ ಅಗ್ಗದ ಆಂಡ್ರಾಯ್ಡು.

ಕಂತು ಅಂದೆವಲ್ಲ, ಅಲ್ಲಿ ನಮ್ಮ ಜೀತದ ನೆನಪು ಏಳುತ್ತದೆ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಅದಕ್ಕೆ ಮುಂಚೆ ಸಾಲಕ್ಕೆ ಮಗನನ್ನು ಬಿಡುತ್ತಿದ್ದರು. ಈಗ ಶೂನ್ಯ ಬಡ್ಡಿ ಅಂತ ಫೋನು ಕೊಡುತ್ತಾರೆ, ಅದರೊಳಗೆ ಒಂದು ಬೀಗದ ಆ್ಯಪು ಕೂರಿಸಿರುವುದೂ ಉಂಟು. ಕಂತು ತಪ್ಪಿದ ಬೆಳಿಗ್ಗೆ ಫೋನು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಫೋನು ಮುಚ್ಚಿದರೆ ಡೆಲಿವರಿ ಇಲ್ಲ, ಡೆಲಿವರಿ ಇಲ್ಲದಿದ್ದರೆ ಕಂತು ಕಟ್ಟಲು ಕಾಸಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ಇದೇ ಸುಳಿಯಲ್ಲಿ ಹದಿನೈದು ದಿನ ಗಾರೆ ಹೊತ್ತು ಫೋನು ಬಿಡಿಸಿಕೊಂಡ. ಇದಕ್ಕಿಂತ ಕ್ರೂರವಾದದ್ದು ಸಾಲದ ಆ್ಯಪುಗಳು. ಮೂರು ಸಾವಿರ ಕೊಡುವ ಮುಂಚೆ ಫೋನಿನಲ್ಲಿರುವ ನಂಬರುಗಳನ್ನೆಲ್ಲ ಬಾಚಿಕೊಳ್ಳುತ್ತವೆ. ತಪ್ಪಿದರೆ ಅತ್ತೆಗೆ, ಮೇಷ್ಟ್ರಿಗೆ, ಕೆಲಸದ ಮನೆಯ ಅಮ್ಮನಿಗೆ "ಇವನು ಕಳ್ಳ" ಅಂತ ಫೋಟೋ ಹೋಗುತ್ತದೆ. ಹಿಂದೆ ಬೆಳ್ಳಿ ಕಡಗ ಅಡವಿಡುತ್ತಿದ್ದೆವು, ಈಗ ಮಾನ. ದೇಶದ ತುಂಬ ಆತ್ಮಹತ್ಯೆಗಳಾದ ಮೇಲೆ 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿತು, ಸಾಲಗಾರನ ಫೋನ್ ಪುಸ್ತಕಕ್ಕೆ ಕೈ ಹಾಕಬಾರದು ಅಂತ.

ರಿಸರ್ವ್ ಬ್ಯಾಂಕಿನ ಮಾತು ಬಂದ ಮೇಲೆ ಬಾಬಾಸಾಹೇಬರ ಮಾತು ಬರಲೇಬೇಕು. 1923ರಲ್ಲಿ ಅವರು ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದರು. ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ರೂಪಾಯಿಯ ಬೆಲೆ ಕುಸಿದರೆ ಪೆಟ್ಟು ಬೀಳುವುದು ಕೂಲಿಯ ಮೇಲೆ ಅನ್ನುವುದು ಅವರ ವಾದದ ಒಂದು ಎಳೆ. ತೊಂಬತ್ತು ವರ್ಷ ಯಾರೂ ಅದನ್ನು ಓದಲು ಹೇಳಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ಸತ್ತವು. ಕೂಲಿಯವರ ಕೈಯಲ್ಲಿದ್ದುದು ಕಾಗದವಾಯಿತು. ಡಿಸೆಂಬರ್ 30ರಂದು ಪ್ರಧಾನಿಗಳು ದಿಲ್ಲಿಯಲ್ಲಿ ಒಂದು ಆ್ಯಪು ಬಿಡುಗಡೆ ಮಾಡಿ ಅದಕ್ಕೆ ಭೀಮ್ ಅಂತ ಹೆಸರಿಟ್ಟರು, ಅಂಬೇಡ್ಕರರ ನೆನಪಿಗೆ. ಹೆಸರು ಕೇಳಿ ನಮ್ಮ ಕೇರಿಯಲ್ಲಿ ಜೈಭೀಮ್ ಅಂದವರೂ ಇದ್ದರು. ಆದರೆ ಆ ದಿನ ಆ ಆ್ಯಪು ಹಾಕಿಕೊಳ್ಳಲು ಬೇಕಾದ ಆಂಡ್ರಾಯ್ಡು, ಬ್ಯಾಂಕು ಖಾತೆಗೆ ಜೋಡಿಸಿದ ನಂಬರು ಎಷ್ಟು ಜನರ ಹತ್ತಿರ ಇತ್ತು? ನೋಟು ಹೋಗಿದೆ, ಕೂಲಿ ಬಂದಿಲ್ಲ, ಭೀಮ ಮಾತ್ರ ಅಂಗಡಿಯ ಗೋಡೆಯ ಮೇಲೆ ಬಂದ.

ಇಂದು ನಿಜ ಬೇರೆಯಿದೆ, ಅದನ್ನೂ ಹೇಳಬೇಕು. ಯಲಹಂಕ ಸಂತೆಯಲ್ಲಿ ಸೊಪ್ಪು ಮಾರುವ ತಾಯಿಯ ಬುಟ್ಟಿಯ ಮೇಲೂ ಆ ಚೌಕಳಿ ಚಿತ್ರ ನಿಂತಿದೆ. ಅಂಗೈಗೆ ಅಂಗೈ ತಾಗದ ಹಾಗೆ ಮೇಲಿಂದ ಕಾಸು ಬಿಡುತ್ತಿದ್ದವರೂ ಈಗ ಬಗ್ಗಿ ಸ್ಕ್ಯಾನ್ ಮಾಡುತ್ತಾರೆ. ಮುಟ್ಟದೇ ಕೊಡುವ ವ್ಯವಸ್ಥೆ ಪೂರಾ ಪಕ್ಕಾ ಆಯಿತಲ್ಲ ಅಂತ ನಮ್ಮ ಗೆಳೆಯನೊಬ್ಬ ಕುಹಕವಾಡುತ್ತಾನೆ. ಆದರೆ ಚಿಲ್ಲರೆ ಇಲ್ಲ ಅಂತ ಎರಡು ರೂಪಾಯಿ ನುಂಗುತ್ತಿದ್ದವರಿಂದ ಅವಳು ಪಾರಾಗಿದ್ದಾಳೆ. ಆ ಎರಡು ರೂಪಾಯಿ ಅವಳಿಗೆ ದೊಡ್ಡದು.

ಇನ್ನು ಹಾಜರಿಯ ವಿಷಯ. ತೋಟಿ ಇಲ್ಲಿ ತಿರುಗಿ ಬರುತ್ತಾನೆ. ಬಿಬಿಎಂಪಿ ಇದ್ದ ಕಾಲದಲ್ಲೇ ಪೌರಕಾರ್ಮಿಕರ ಹಾಜರಿಗೆ ಬೆರಳಚ್ಚಿನ ಯಂತ್ರ ಬಂತು. ಇಲ್ಲದವರ ಹೆಸರು ಬರೆದು ತಿನ್ನುತ್ತಿದ್ದ ಗುತ್ತಿಗೆದಾರರಿಗೆ ಅದು ಕಡಿವಾಣ ಅನ್ನುವುದು ನಿಜ. ಆದರೆ ಪೊರಕೆ ಹಿಡಿದು ಸವೆದ ಬೆರಳಿಗೆ ಗೆರೆ ಎಲ್ಲಿದೆ? ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯ ಎನ್‌ಎಂಎಂಎಸ್ ಆ್ಯಪು 2023ರ ಜನವರಿ 1ರಿಂದ ಎಲ್ಲ ಕೆಲಸದ ಜಾಗಕ್ಕೂ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಫೋಟೋ, ಜಾಗದ ಗುರುತಿನ ಸಮೇತ. ನೆಟ್‌ವರ್ಕ್ ಇಲ್ಲದಿದ್ದರೆ ಬೆವರು ಸುರಿಸಿದ್ದಕ್ಕೆ ಲೆಕ್ಕವಿಲ್ಲ. ಫೋಟೋ ತೆಗೆಯಬೇಕಾದ ಕಾಯಕಬಂಧು ತಾನೇ ಸ್ಮಾರ್ಟ್‌ಫೋನು ಹೊಂದಿಸಬೇಕಾಗಿತ್ತು. ಅದೇ ಫೆಬ್ರವರಿಯಿಂದ ಕೂಲಿಕಾರರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ನೂರು ದಿನದ ಧರಣಿ ಕೂತರು. ಇತ್ತ ನಗರದಲ್ಲಿ ಡೆಲಿವರಿ ಹುಡುಗ ಆ್ಯಪು ಕೂಗಿದಾಗ ಕ್ಷಣದೊಳಗೆ ಓ ಅನ್ನಬೇಕು. ಅನ್ನದಿದ್ದರೆ ಅವನ ಅಂಕ ಇಳಿಯುತ್ತದೆ. ಪಾರ್ಸೆಲ್ ತಂದವನು ಸರ್ವಿಸ್ ಲಿಫ್ಟಿನಲ್ಲಿ ಹೋಗಬೇಕು ಅಂತ ಅಪಾರ್ಟ್‌ಮೆಂಟಿನ ಬೋರ್ಡು ಹೇಳುತ್ತದೆ. ಜಗಲಿಯಿಂದ ದೂರ ನಿಂತು ಸುದ್ದಿ ಹೇಳಿದ ತಾತನನ್ನು ನೆನೆಯಿರಿ. ಕರ್ನಾಟಕ ಸರ್ಕಾರ 2025ರಲ್ಲಿ ಈ ಗಿಗ್ ಕಾರ್ಮಿಕರಿಗಾಗಿ ಒಂದು ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ತೋಟಿಗೆ ರಾಗಿ ಅಳೆದು ಕೊಡಲು ಕಾಯ್ದೆ ಇರಲಿಲ್ಲ, ಇದಕ್ಕೆ ಇದೆ. ವಸೂಲಿ ಮಾಡಿಸುವುದು ಸಂಘಟನೆಯ ಕೆಲಸ.

ಹಾಜರಿ ಪುಸ್ತಕ ಈಗ ಎರಡು ಕಡೆ ಇದೆ ಅನ್ನುವುದನ್ನು ಮರೆಯಬಾರದು. ನಮ್ಮ ಗಾರೆ ಕೆಲಸದ ಹೆಂಗಸರು ಮೇಸ್ತ್ರಿಯ ಪುಸ್ತಕದ ಪುಟವನ್ನು ಶನಿವಾರ ಶನಿವಾರ ಫೋಟೋ ಹೊಡೆದು ಇಟ್ಟುಕೊಳ್ಳುತ್ತಾರೆ. "ಐದು ದಿನ ಬಂದಿದ್ದೆ ಅಷ್ಟೇ" ಅಂದರೆ ಸೆರಗಿನಿಂದ ಫೋನು ತೆಗೆದು "ಆರು ಐತೆ ನೋಡಪ್ಪಾ" ಅನ್ನುತ್ತಾರೆ.

ಕೊರೋನಾದ ಎರಡು ವರ್ಷ ಫೋನಿಲ್ಲದವರು ಮನುಷ್ಯರೇ ಅಲ್ಲ ಎನ್ನುವ ಹಾಗಾಯಿತು. 2020ರ ಮೇ ತಿಂಗಳಲ್ಲಿ ಊರಿಗೆ ಹೋಗಲು ವಲಸೆ ಕಾರ್ಮಿಕರು ಸೇವಾ ಸಿಂಧುವಿನಲ್ಲಿ ನೋಂದಾಯಿಸಬೇಕಾಗಿತ್ತು. ಬಿಲ್ಡರುಗಳ ಜತೆ ಮಾತುಕತೆ ಆದ ಮೇಲೆ ಸರ್ಕಾರ ರೈಲುಗಳನ್ನೇ ರದ್ದು ಮಾಡಿ, ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಮೆಸೇಜು ಬರಲಿ ಅಂತ ಸಾವಿರಾರು ಜನ ಅರಮನೆ ಮೈದಾನದ ಬಿಸಿಲಲ್ಲಿ ಫೋನು ಹಿಡಿದು ಕಾದರು. ಶಾಲೆ ಮುಚ್ಚಿ ಪಾಠ ಫೋನೊಳಗೆ ಹೋಯಿತು. ದೇಶದ ಹಳ್ಳಿಗಳಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನು ಇದ್ದವರು 2018ರಲ್ಲಿ ಶೇಕಡ 36.5, 2020ರಲ್ಲಿ 61.8 ಅಂತ ಅಸರ್ ವರದಿ ಹೇಳಿತು. ಎರಡು ವರ್ಷದಲ್ಲಿ ಇಷ್ಟು ಫೋನು ಎಲ್ಲಿಂದ ಬಂತು? ಆಡು ಮಾರಿ ಬಂತು, ಓಲೆ ಮಾರಿ ಬಂತು. ಒಂದು ಫೋನು, ಮೂರು ಮಕ್ಕಳು, ಅಪ್ಪ ಅದನ್ನೇ ಕೆಲಸಕ್ಕೆ ಒಯ್ಯುತ್ತಾನೆ. ಹಳ್ಳಿಯ ಮೇಷ್ಟ್ರುಗಳಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ. ಮರದ ಕೆಳಗೆ, ಜಗಲಿಯಲ್ಲಿ ವಿದ್ಯಾಗಮ ನಡೆಸಿದವರು ಅವರು. 2021ರ ಮೇ 1ರಿಂದ ಹದಿನೆಂಟು ದಾಟಿದವರಿಗೆ ಲಸಿಕೆ ಅಂದರು, ಕೋವಿನ್‌ನಲ್ಲಿ ಬುಕ್ ಮಾಡಿ ಅಂದರು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಬಂದದ್ದು ಜೂನಿನಲ್ಲಿ. ಸರ್ಕಾರಿ ಆಸ್ಪತ್ರೆಯ ಎದುರೇ ಗುಡಿಸಲು ಹಾಕಿದವರಿಗೆ ಜಾಗವಿಲ್ಲ, ಬೆರಳು ಚುರುಕಾದವರು ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದರು.

ಫೋನು ಇಟ್ಟುಕೊಳ್ಳುವುದೇ ಅಪರಾಧವಾದದ್ದೂ ಈ ಚರಿತ್ರೆಯಲ್ಲಿದೆ. 2015ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಶಿರಡಿಯಲ್ಲಿ, ನರ್ಸಿಂಗ್ ಓದುತ್ತಿದ್ದ ದಲಿತ ಯುವಕನ ಫೋನು ರಿಂಗಾಯಿತು. ರಿಂಗ್‌ಟೋನು ಅಂಬೇಡ್ಕರರ ಹಾಡು. ಆ ಹಾಡಿಗಾಗಿ ಅವನನ್ನು ಎತ್ತಿಕೊಂಡು ಹೋಗಿ ಕೊಂದರು. ನಮ್ಮ ಜೇಬಿನಿಂದ ಏಳುವ ದನಿ ಇನ್ನೂ ಯಾರಿಗೆ ಕೇಳಬೇಕು, ಯಾರಿಗೆ ಕೇಳಬಾರದು ಅನ್ನುವ ಕಟ್ಟಳೆ ಹೋಗಿಲ್ಲ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿ ಅಂದರೆ ಆಗ ಮನುಷ್ಯರ ಬಾಯಿ ಮಾತ್ರ. ಬಾಯಿಗಳು ತಿರುಗಿಬಿದ್ದವು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದವರನ್ನು ಕಾರಿಗೆ ಕಟ್ಟಿ ಹೊಡೆದರು. ಹೊಡೆದವರೇ ಫೋನಿನಲ್ಲಿ ಚಿತ್ರ ತೆಗೆದು ಹೆಮ್ಮೆಯಿಂದ ಹಂಚಿದರು. ಹೆದರಿಸಲು ಹಂಚಿದ್ದು ನಮ್ಮ ಅಗ್ಗದ ಫೋನುಗಳಿಗೂ ಬಂತು, ನಾವು ಹೆದರಲಿಲ್ಲ. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ 'ಚಲೋ ಉಡುಪಿ' ಹೊರಟಿತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಎಂದು ಕೂಗಿದ ಹುಡುಗ ಹುಡುಗಿಯರು ಊರೂರಿನಲ್ಲಿ ಒಬ್ಬರನ್ನೊಬ್ಬರು ಕರೆದುಕೊಂಡದ್ದು ಇದೇ ಫೋನಿನಲ್ಲಿ. ಸಾವಿನ ಸುದ್ದಿ ಹೊತ್ತ ಜನ ಈ ಸಲ ತಮ್ಮ ಸುದ್ದಿಯನ್ನು ತಾವೇ ಹೊತ್ತರು.

ಆದರೆ ಇದೇ ಸುದ್ದಿಯಂತ್ರ ನಮ್ಮ ಬೀದಿಯನ್ನೂ ಸುಟ್ಟಿದೆ. 2020ರ ಆಗಸ್ಟ್ 11ರ ರಾತ್ರಿ, ಆರ್.ಟಿ. ನಗರದ ಪಕ್ಕದ ಕಾವಲ್ ಬೈರಸಂದ್ರದಲ್ಲಿ, ಒಂದು ಫೇಸ್‌ಬುಕ್ ಪೋಸ್ಟಿನಿಂದ ಎದ್ದ ರೊಚ್ಚಿಗೆ ದಲಿತ ಶಾಸಕರೊಬ್ಬರ ಮನೆ ಬೂದಿಯಾಯಿತು. ಪೊಲೀಸ್ ಗೋಲಿಬಾರಿನಲ್ಲಿ ಮೂವರು ಸತ್ತರು. ಸುಟ್ಟುಕೊಂಡವರೂ ಸತ್ತವರೂ ಜೈಲಿಗೆ ಹೋದವರ ತಾಯಂದಿರೂ ಬಡ ಬೀದಿಗಳವರು. ದಲಿತರಿಗೂ ಮುಸ್ಲಿಮರಿಗೂ ನಡುವೆ ಹಾಕುವ ಕಡ್ಡಿಪೆಟ್ಟಿಗೆ ಈಗ ಎಲ್ಲರ ಜೇಬಿನಲ್ಲೂ ಇದೆ. ಫಾರ್ವರ್ಡ್ ಒತ್ತುವ ಹೆಬ್ಬೆರಳು ನಮ್ಮದೇ.

ನಮ್ಮ ಮನೆಯೊಳಗಿನ ಮಾತೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲು ಇದೆ ಅಂದ ಹೆಂಗಸರು ದೇಶದಲ್ಲಿ ನೂರಕ್ಕೆ 54. ಗೃಹಲಕ್ಷ್ಮಿಯ ಎರಡು ಸಾವಿರ ಅವ್ವನ ಖಾತೆಗೆ ಬೀಳುತ್ತದೆ, ಮೆಸೇಜು ಮಗನ ಫೋನಿಗೆ ಬರುತ್ತದೆ. ಕೇರಿಯಲ್ಲಿ ಜೈಭೀಮ್ ಅನ್ನುವ ಅಣ್ಣ ತಂಗಿಯ ಫೋನು ಕಿತ್ತುಕೊಂಡು ಯಾರ ನಂಬರಿದೆ ಅಂತ ನೋಡುತ್ತಾನೆ. ಅವನಿಗೂ ಒಂದು ಹೊಸಿಲು ಬೇಕಾಗಿದೆ, ಆಚೆ ನಿಲ್ಲಿಸಲು ಯಾರಾದರೂ ಬೇಕಾಗಿದೆ.

2025ರ ಮೇ 5ರಿಂದ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆ ನಡೆಯಿತು. ಒಳಮೀಸಲಾತಿ ಸಾಧ್ಯ ಅಂತ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನುವ ಹೆಸರುಗಳ ಕೆಳಗೆ ಇರುವ ನಿಜವಾದ ಜಾತಿ ಯಾವುದು ಅಂತ ಮನೆ ಮನೆಗೆ ಕೇಳಬೇಕಾಗಿತ್ತು. ಪಟ್ಟಿಯಲ್ಲಿ 101 ಜಾತಿ. ಮೇಷ್ಟ್ರುಗಳು, ಮೇಡಮ್ಮುಗಳು ಫೋನಿನಲ್ಲಿ ಆ್ಯಪು ಹಾಕಿಕೊಂಡು ಬಿಸಿಲಲ್ಲಿ ಮೆಟ್ಟಿಲು ಹತ್ತಿದರು. ಹಳ್ಳಿಯಲ್ಲಿ ಎಲ್ಲರ ಜಾತಿ ಎಲ್ಲರಿಗೂ ಗೊತ್ತು, ಸುಲಭವಾಗಿ ಬರೆದರು. ಬೆಂಗಳೂರಿನಲ್ಲಿ ಎಣಿಕೆ ಹಿಂದೆ ಬಿತ್ತು. ಬಾಡಿಗೆ ಮನೆ ಸಿಗಲಿ ಅಂತ ನಮ್ಮವರು ಇಲ್ಲಿ ಜಾತಿಯನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾರೆ. ಆರ್.ಟಿ. ನಗರದ ಒಂದು ವಠಾರದಲ್ಲಿ ಮೇಡಂ ಫೋನು ಹಿಡಿದು ಬಂದಾಗ ಮನೆ ಓನರು ಮೇಲಿನ ಮೆಟ್ಟಿಲ ಮೇಲೇ ನಿಂತಿದ್ದರು. ಹೆಸರು ಕೇಳಿದರು, ವಯಸ್ಸು ಕೇಳಿದರು, ಓದು ಕೇಳಿದರು. ಮುಂದಿನ ಪ್ರಶ್ನೆಗೆ ಬಾಗಿಲಲ್ಲಿದ್ದ ತಾಯಿ ಸುಮ್ಮನಾದಳು. ಮೇಡಂ ಮೆಟ್ಟಿಲ ಕಡೆ ಒಮ್ಮೆ ನೋಡಿದರು. ಮತ್ತೆ ಕೇಳಲಿಲ್ಲ. ಪಟ್ಟಿ ತೆರೆದಿದ್ದ ಫೋನನ್ನೇ ಅವಳ ಕಡೆ ತಿರುಗಿಸಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಪಟ್ಟಿಯನ್ನು ಮೇಲೆ ಸರಿಸಿ, ಒಂದು ಕಡೆ ಬೆರಳಿಟ್ಟಳು.